ಬೇಟೆಯಿಲ್ಲದ ನಾಡಿನಲ್ಲಿ ಮೊದಲ ಕೋವಿ

ಭಾರತದಲ್ಲಿ ಬಂದೂಕನ್ನು ಇರಿಸಿಕೊಳ್ಳುವುದನ್ನು ಒಂದು ಕಾಯ್ದೆಯೂ ಅದರಿಂದ ಪ್ರಾಣಿಯನ್ನು ಹೊಡೆಯುವುದನ್ನು ಮತ್ತೊಂದು ಕಾಯ್ದೆಯೂ ನಿಯಂತ್ರಿಸುತ್ತವೆ; ಮೊದಲ ಬಾರಿಗೆ ಬಂದೂಕು ಪಡೆಯಲು ಹೊರಟ ಯುವಜನರಲ್ಲಿ ಹಲವರು ಮೊದಲನೆಯದರ ಬಗ್ಗೆ ವಿಚಾರಿಸುತ್ತಾರೆಯೇ ಹೊರತು ಎರಡನೆಯದರತ್ತ ಗಮನ ಕೊಡುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿ ರಚಿತವಾದ 2016ರ ಶಸ್ತ್ರಾಸ್ತ್ರ ನಿಯಮಗಳು ಯಾರು, ಯಾವ ಕಾರಣಕ್ಕಾಗಿ, ಯಾವ ಬಗೆಯ ಆಯುಧವನ್ನು ಹೊಂದಬಹುದೆಂಬುದನ್ನು ನಿರ್ಧರಿಸುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಾದರೋ ತನ್ನ ಅನುಸೂಚಿಗಳಲ್ಲಿ, ಅಂದರೆ ಕಾಯ್ದೆಯ ಕೊನೆಗೆ ಜೋಡಿಸಿದ ಪಟ್ಟಿಗಳಲ್ಲಿ, ಹೆಸರಿಸಿದ ಕಾಡುಪ್ರಾಣಿಗಳನ್ನು ಬೇಟೆಯಾಡಕೂಡದೆಂದು ವಿಧಿಸುತ್ತದೆ. ಈ ಕಾಯ್ದೆ ಬಂದ ಹೊಸದರಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ಹೀಗಾಗಿ ಅರ್ಜಿಯಲ್ಲಿ ಬಂದೂಕಿನ ಅಗತ್ಯವನ್ನು ವಿವರಿಸುವಾಗ ಬೇಟೆ ಎಂದು ಬರೆಯುವ ಅರ್ಜಿದಾರನು ಕಾನೂನು ಒಪ್ಪದ ಕೆಲಸವನ್ನು ತನ್ನ ಕೈಯಾರೆ ಬರೆದುಕೊಟ್ಟಂತಾಗುತ್ತದೆ. ಕೆನೆತ್ ಆಂಡರ್ಸನ್ ಅವರ ಶಿಕಾರಿ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಕೋವಿಯ ಬಗೆಗಿನ ಕುತೂಹಲವನ್ನು ಆ ಪುಸ್ತಕಗಳಿಂದಲೇ ಪಡೆದ ಓದುಗರು ಕಡಿಮೆಯಿಲ್ಲ. ಅಲ್ಲಿ ವರ್ಣಿತವಾದ ಲೋಕವು 1972ಕ್ಕಿಂತ ಹಿಂದಿನದೆಂಬುದನ್ನು ಮರೆತರೆ ಮಾತ್ರ ಆ ಕುತೂಹಲ ಜೈಲಿನ ದಾರಿ ಹಿಡಿಸಬಲ್ಲದು.

ವನ್ಯಜೀವಿ ಕಾಯ್ದೆಯು ಬೇಟೆಯನ್ನು ವಿಶಾಲವಾದ ಅರ್ಥದಲ್ಲಿ ನಿರೂಪಿಸಿದೆ. ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲದೆ ಹಿಡಿಯುವುದು, ಉರುಳು ಅಥವಾ ಬೋನು ಒಡ್ಡುವುದು, ವಿಷವಿಕ್ಕುವುದು, ಸೋವುವುದು, ಗಾಯಗೊಳಿಸುವುದು, ಹಕ್ಕಿಯ ಮೊಟ್ಟೆಯನ್ನು ಹಾಳುಗೆಡವುವುದು ಮತ್ತು ಇವುಗಳಿಗೆ ಪ್ರಯತ್ನಿಸುವುದು ಕೂಡ ಅದರೊಳಗೆ ಸೇರುತ್ತದೆ. ಆನೆ, ಕಾಟಿ, ಚಿರತೆ, ನವಿಲು ಮುಂತಾದ ಒಂದನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆಯು ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವಾಗಿದ್ದು, ಕೃತ್ಯಕ್ಕೆ ಬಳಸಿದ ಬಂದೂಕು ಹಾಗೂ ವಾಹನಗಳು ಸರ್ಕಾರದ ಪಾಲಾಗಬಹುದು. ಇದಕ್ಕೆ ಅಪವಾದಗಳು ಎರಡು ಮುಖ್ಯವಾದವು. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ಇದೇ ಕಾಯ್ದೆಯನ್ನು ಉಲ್ಲಂಘಿಸುತ್ತಿದ್ದವನಿಗೆ, ಉದಾಹರಣೆಗೆ ಅನುಮತಿಯಿಲ್ಲದೆ ಕೋವಿ ಹಿಡಿದು ಅಭಯಾರಣ್ಯದೊಳಗೆ ನುಗ್ಗಿದವನಿಗೆ, ಈ ರಕ್ಷಣೆ ದೊರೆಯುವುದಿಲ್ಲ. ಎರಡನೆಯದಾಗಿ, ಎರಡನೆಯ ಅನುಸೂಚಿಯ ಪ್ರಾಣಿಯೊಂದು ಮನುಷ್ಯರಿಗೆ ಅಥವಾ ನಿಂತ ಬೆಳೆಯನ್ನೂ ಒಳಗೊಂಡ ಆಸ್ತಿಗೆ ಅಪಾಯಕಾರಿಯಾಗಿದೆಯೆಂದು ಮನವರಿಕೆಯಾದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣಸಹಿತವಾದ ಲಿಖಿತ ಆದೇಶದ ಮೂಲಕ ಅದನ್ನು ಕೊಲ್ಲಲು ಅನುಮತಿ ಕೊಡಬಹುದು. ಕಾಡುಹಂದಿಯ ಕಾಟಕ್ಕೆ ಸಿಕ್ಕಿದ ಕೃಷಿಕನಿಗೆ ಸಂಬಂಧಿಸಿದ್ದು ಈ ಎರಡನೆಯ ಅಪವಾದವೇ. ಲಿಖಿತ ಆದೇಶವಿಲ್ಲದಿರುವಾಗ ಬೆಳೆ ರಕ್ಷಣೆಯ ಕೋವಿಯ ಉಪಯೋಗವು ಆಕಾಶಕ್ಕೆ ಈಡು ಹಾರಿಸಿ ಹಿಂಡನ್ನು ಬೆದರಿಸಿ ಓಡಿಸುವುದರಲ್ಲಿಯೇ ಮುಗಿಯುತ್ತದೆ. ಬೆಳೆ ಕಾಯಲು ಕೋವಿ ಕೊಟ್ಟು, ಬೆಳೆ ತಿನ್ನುವ ಪ್ರಾಣಿಯತ್ತ ಅದನ್ನು ತಿರುಗಿಸಬೇಡವೆನ್ನುವ ಈ ವ್ಯವಸ್ಥೆಯು ಮಲೆನಾಡಿನ ರೈತರಿಗೆ ವಿಚಿತ್ರವಾಗಿ ಕಾಣುವುದು ಸಹಜ. ಆದರೂ ಅರ್ಜಿ ಹಾಕುವ ಮುನ್ನ ಅದನ್ನು ಒಪ್ಪಿಕೊಂಡಿರುವುದು ಕ್ಷೇಮಕರ.

ವಯಸ್ಸು ಮತ್ತು ಅನರ್ಹತೆ

ಶಸ್ತ್ರಾಸ್ತ್ರ ಕಾಯ್ದೆಯ 9ನೆಯ ಕಲಮಿನ ಪ್ರಕಾರ 21 ವರ್ಷ ತುಂಬದವರು ಬಂದೂಕನ್ನು ಪಡೆಯುವಂತಿಲ್ಲ, ಹೊಂದುವಂತಿಲ್ಲ. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಸೆರೆವಾಸ ಅನುಭವಿಸಿದವರು ಶಿಕ್ಷೆ ಮುಗಿದ ಮೇಲೆ 5 ವರ್ಷಗಳವರೆಗೆ, ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆದುಕೊಡುವಂತೆ ಆದೇಶಿಸಲ್ಪಟ್ಟವರು ಆ ಮುಚ್ಚಳಿಕೆಯ ಅವಧಿಯವರೆಗೆ, ಮತ್ತು ಮಾನಸಿಕ ಸ್ವಾಸ್ಥ್ಯವಿಲ್ಲದವರು ಇದೇ ನಿಷೇಧಕ್ಕೆ ಒಳಪಡುತ್ತಾರೆ. ಜಮೀನಿನ ಬೇಲಿ ಜಗಳದಲ್ಲಿ ಬರೆದುಕೊಟ್ಟ ಮುಚ್ಚಳಿಕೆಯೂ ಇಲ್ಲಿ ಅಡ್ಡಬರುತ್ತದೆಂಬುದು ಹಳ್ಳಿಯ ಎಷ್ಟೋ ಅರ್ಜಿದಾರರಿಗೆ ಅರ್ಜಿ ಹಾಕಿದ ಮೇಲಷ್ಟೇ ತಿಳಿಯುತ್ತದೆ.

ವಯಸ್ಸಿನ ನಿಯಮಕ್ಕೆ ಇರುವ ವಿನಾಯಿತಿಯು ತರಬೇತಿಗೆ ಸಂಬಂಧಿಸಿದ್ದು. 12 ವರ್ಷ ದಾಟಿದ ಹುಡುಗ ಹುಡುಗಿಯರು ಗುರಿ ಅಭ್ಯಾಸಕ್ಕಾಗಿ, ವಯಸ್ಕ ತರಬೇತುದಾರ ಅಥವಾ ಪರವಾನಗಿದಾರ ಪಕ್ಕದಲ್ಲಿಯೇ ಇದ್ದಾಗ, ನಿಯಮಗಳು ಒಪ್ಪುವ ಆಯುಧವನ್ನು ಬಳಸಬಹುದು. ಬಳಸುವ ಈ ಅವಕಾಶವು ಹೊಂದುವ ಹಕ್ಕಾಗಿ ಮಾರ್ಪಡುವುದಿಲ್ಲ. ತಂದೆಯ ಹೆಸರಿನ ಕೋವಿಯನ್ನು ಮಗ ಒಬ್ಬನೇ ಹೆಗಲಿಗೇರಿಸಿಕೊಂಡು ತೋಟಕ್ಕೆ ಹೋಗುವುದು ಮಲೆನಾಡಿನಲ್ಲಿ ಮಾಮೂಲಿನಂತೆ ನಡೆದುಬಂದಿದೆಯಾದರೂ ಕಾಯ್ದೆಯ 3ನೆಯ ಕಲಮು ಅದಕ್ಕೆ ಕೊಡುವ ಎಡೆ ಬಹಳ ಕಿರಿದು: ಪರವಾನಗಿದಾರನು ಜೊತೆಯಲ್ಲಿದ್ದಾಗ ಅಥವಾ ಅವನ ಲಿಖಿತ ಅಧಿಕಾರಪತ್ರ ಇದ್ದಾಗ, ದುರಸ್ತಿಗಾಗಿ, ಪರವಾನಗಿಯ ನವೀಕರಣಕ್ಕಾಗಿ ಇಲ್ಲವೇ ಆ ಪರವಾನಗಿದಾರನೇ ಬಳಸುವುದಕ್ಕಾಗಿ ಇನ್ನೊಬ್ಬರು ಅದನ್ನು ಹೊತ್ತೊಯ್ಯಬಹುದು. ಅಂದರೆ ಮಗ ಕೋವಿಯನ್ನು ಹೊರಬಹುದು, ಹಾರಿಸುವಂತಿಲ್ಲ.

ಇಪ್ಪತ್ತೊಂದು ತುಂಬುವ ಮೊದಲಿನ ವರ್ಷಗಳನ್ನು ಕಾಯುತ್ತ ಕಳೆಯಬೇಕಿಲ್ಲ. ಗಾಳಿಯ ಅಥವಾ ಅನಿಲದ ಒತ್ತಡದಿಂದ ಸೀಸದ ಸಣ್ಣ ಗುಂಡನ್ನು ಹಾರಿಸುವ ಏರ್ ರೈಫಲ್‌ಗೆ, ಅದರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಅನ್ನು, ಅಂದರೆ ಅಂಗಡಿಯವರು ಪಾಯಿಂಟ್ 177 ಎನ್ನುವ ಅಳತೆಯನ್ನು ಮೀರದಿದ್ದರೆ ಮತ್ತು ಗುಂಡು ನಳಿಗೆಯ ಬಾಯಿಂದ ಹೊರಬೀಳುವಾಗಿನ ಶಕ್ತಿ 20 ಜೌಲ್‌ಗಳೊಳಗಿದ್ದರೆ, ಪರವಾನಗಿ ಬೇಕಾಗುವುದಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯಲ್ಲಿ ಬಳಕೆಯಾಗುವುದು ಇದೇ ಅಳತೆಯ ರೈಫಲ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತದ ಮೊದಲ ವೈಯಕ್ತಿಕ ಚಿನ್ನವನ್ನು ಗೆದ್ದದ್ದು ಈ ವಿಭಾಗದಲ್ಲಿಯೇ. ಉಸಿರನ್ನು ಹಿಡಿಯುವುದು, ಕುದುರೆಯನ್ನು, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರನ್ನು, ಜಗ್ಗದೆ ಒತ್ತುವುದು, ಗುಂಡು ಹಾರಿದ ಬಳಿಕವೂ ಕ್ಷಣಕಾಲ ಗುರಿಯಿಂದ ಕಣ್ಣು ತೆಗೆಯದಿರುವುದು ಮುಂತಾದ ಮೂಲ ಪಾಠಗಳಲ್ಲಿ ದೊಡ್ಡ ಬಂದೂಕು ಕಲಿಸುವಂಥದ್ದರಲ್ಲಿ ಏರ್ ರೈಫಲ್ ಕಲಿಸದೆ ಬಿಟ್ಟದ್ದು ಏನೂ ಇಲ್ಲ. ಬದಲಿಗೆ ಸದ್ದು ಮತ್ತು ಹಿನ್ನೊದೆತಗಳ ಭಯವಿಲ್ಲದಿರುವುದರಿಂದ ಅವು ಬೇಗ ಮೈಗೂಡುತ್ತವೆ. ಪರವಾನಗಿ ಬೇಡವೆಂದ ಮಾತ್ರಕ್ಕೆ ಅದರಿಂದ ನವಿಲು, ಗಿಳಿಗಳನ್ನು ಹೊಡೆಯಬಹುದೆಂದು ತಿಳಿಯಕೂಡದು, ಏಕೆಂದರೆ ವನ್ಯಜೀವಿ ಕಾಯ್ದೆಯು ಕೇಳುವುದು ಪ್ರಾಣಿಯ ಹೆಸರನ್ನೇ ಹೊರತು ಆಯುಧದ ಬಗೆಯನ್ನಲ್ಲ.

ಉದ್ದೇಶವೇ ಆಯುಧವನ್ನು ಆರಿಸುತ್ತದೆ

ಬಂದೂಕನ್ನು ಮೊದಲು ಆರಿಸಿ ಅದಕ್ಕೊಪ್ಪುವ ಕಾರಣವನ್ನು ಆಮೇಲೆ ಹುಡುಕುವುದು ಹೊಸಬರಲ್ಲಿ ಕಾಣುವ ಕ್ರಮ. ಶಸ್ತ್ರಾಸ್ತ್ರ ಕಾಯ್ದೆಯ ಕ್ರಮವು ಇದಕ್ಕೆ ವಿರುದ್ಧವಾದುದು. ಕಾಯ್ದೆಯ 13ನೆಯ ಕಲಮು ಪರವಾನಗಿ ಪ್ರಾಧಿಕಾರವು, ಅಂದರೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಅಥವಾ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು, ನಿರಾಕರಣೆಗೆ ಬೇರೆ ಕಾರಣವಿಲ್ಲದಿದ್ದರೆ ಕೊಡಲೇಬೇಕಾದ ಪರವಾನಗಿಗಳನ್ನು ಪ್ರತ್ಯೇಕವಾಗಿ ಹೆಸರಿಸಿದೆ. ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಬೇಕಾಗುವ, ನಳಿಗೆ 20 ಅಂಗುಲಕ್ಕಿಂತ ಗಿಡ್ಡವಲ್ಲದ ನುಣುಪು ನಳಿಗೆಯ ಬಂದೂಕು, ನಿಜವಾದ ಬೆಳೆ ರಕ್ಷಣೆಗಾಗಿ ಬೇಕಾಗುವ ಕೇಪಿನ ಕೋವಿ, ಮತ್ತು ಕೇಂದ್ರ ಸರ್ಕಾರದ ಮಾನ್ಯತೆ ಅಥವಾ ಪರವಾನಗಿಯುಳ್ಳ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ ಬೇಕಾಗುವ ಪಾಯಿಂಟ್ 22 ರೈಫಲ್ ಅಥವಾ ಮೇಲೆ ಹೇಳಿದ ಮಿತಿಯನ್ನು ಮೀರಿದ ಏರ್ ರೈಫಲ್ ಈ ಗುಂಪಿಗೆ ಸೇರುತ್ತವೆ. ಉಳಿದ ಎಲ್ಲ ಆಯುಧಗಳ ವಿಷಯದಲ್ಲಿ ಅರ್ಜಿದಾರನಿಗೆ ತಕ್ಕ ಕಾರಣವಿದೆಯೆಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಈ ಎರಡು ಗುಂಪುಗಳ ನಡುವಿನ ಅಂತರವನ್ನು ತಿಳಿದು ಅರ್ಜಿ ಬರೆದವರಿಗೂ ತಿಳಿಯದೆ ಬರೆದವರಿಗೂ ದೊರೆಯುವ ಫಲಿತಾಂಶದಲ್ಲಿ ಬಹಳ ವ್ಯತ್ಯಾಸವಾಗುತ್ತದೆ.

ಇಲ್ಲಿ ಬಂದ ಹೆಸರುಗಳನ್ನು ವಿವರಿಸುವುದು ಅಗತ್ಯ. ಕೇಪಿನ ಕೋವಿ ಎಂದರೆ ನಳಿಗೆಯ ಬಾಯಿಂದಲೇ ಮದ್ದು ಮತ್ತು ಚರೆಗಳನ್ನು ತುಂಬಿ, ಗಜದಿಂದ ಜಡಿದು, ಹಿಂಬದಿಯ ಮೊಲೆಗೆ ಕೇಪು ಸಿಕ್ಕಿಸಿ ಸಿಡಿಸುವ ಹಳೆಯ ಬಗೆಯ ಬಂದೂಕು. ಒಮ್ಮೆ ಹಾರಿಸಿದರೆ ಮತ್ತೆ ತುಂಬಲು ಸಮಯ ಹಿಡಿಯುತ್ತದೆ. ತೋಟೆ ಕೋವಿಯ ನಳಿಗೆಯನ್ನು ಹಿಂಬದಿಯಲ್ಲಿ ಮುರಿದು ತೆರೆದು, ಮದ್ದು ಚರೆಗಳೆರಡನ್ನೂ ಒಳಗೊಂಡ ತೋಟೆಯನ್ನು ಇಡಲಾಗುತ್ತದೆ. ಇದರಲ್ಲಿ ಒಂಟಿ ನಳಿಗೆಯದು ಮತ್ತು ಜೋಡುನಳಿಗೆಯದು ಎಂಬ ಭೇದಗಳಿವೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ 12 ಬೋರ್ ಎಂಬ ಅಳತೆಯು ಒಂದು ಪೌಂಡ್ ಸೀಸದಿಂದ ಸಮನಾದ 12 ಉಂಡೆಗಳನ್ನು ಮಾಡಿದರೆ ಒಂದು ಉಂಡೆಯ ವ್ಯಾಸ ಎಷ್ಟಾಗುವುದೋ ಅಷ್ಟು ಅಗಲದ, ಅಂದರೆ ಸುಮಾರು 18.5 ಮಿಲಿಮೀಟರ್ ಒಳವ್ಯಾಸದ ನಳಿಗೆಯನ್ನು ಸೂಚಿಸುತ್ತದೆ. ಈ ಎರಡೂ ಬಗೆಯ ಕೋವಿಗಳ ನಳಿಗೆಯ ಒಳಮೈ ನುಣುಪಾಗಿರುತ್ತದೆ. ರೈಫಲ್‌ನ ನಳಿಗೆಯೊಳಗಾದರೋ ಸುರುಳಿಯಾಕಾರದ ಗೀರುಗಳಿದ್ದು, ಅವು ಗುಂಡಿಗೆ ತಿರುಗುವ ಚಲನೆಯನ್ನು ಕೊಡುವುದರಿಂದ ಅದು ದೂರದವರೆಗೆ ನೇರವಾಗಿ ಸಾಗುತ್ತದೆ.

ಮೊದಲ ಆಯುಧವಾಗಿ ರೈಫಲ್ ಬೇಕೇ ಎಂಬ ಪ್ರಶ್ನೆಗೆ ಉತ್ತರವು ಈ ರಚನೆಯಲ್ಲಿಯೇ ಅಡಗಿದೆ. ಪಶ್ಚಿಮ ಬಂಗಾಳದ ಇಚ್ಛಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ ಪಾಯಿಂಟ್ 315 ರೈಫಲ್ ನಾಗರಿಕರಿಗೆ ದೊರೆಯುವ ದೊಡ್ಡ ರೈಫಲ್‌ಗಳಲ್ಲಿ ಹೆಸರಾದದ್ದು. ಅದನ್ನು ಕೊಳ್ಳಬೇಕೆಂಬ ಹಂಬಲ ಹೊಸಬರಲ್ಲಿ ಬಲವಾಗಿಯೇ ಇರುತ್ತದೆ. ಆದರೆ ಅಡಿಕೆ ತೋಟ, ಗದ್ದೆ, ಮನೆಗಳು ಒಂದರ ಪಕ್ಕದಲ್ಲಿ ಒಂದು ಹಬ್ಬಿಕೊಂಡಿರುವ ಮಲೆನಾಡು ಮತ್ತು ಕರಾವಳಿಯ ನೆಲದಲ್ಲಿ ಗುರಿ ತಪ್ಪಿದ ರೈಫಲ್ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ಹಾರಿಸಿದವನು ಹೇಳಲಾರ. ಚಿಕ್ಕದೆಂದು ತಾತ್ಸಾರಕ್ಕೆ ಒಳಗಾಗುವ ಪಾಯಿಂಟ್ 22ರ ಗುಂಡು ಕೂಡ ಒಂದು ಕಿಲೋಮೀಟರಿಗಿಂತ ದೂರ ಹಾರಬಲ್ಲದು, ಆದರೆ ತೋಟೆ ಕೋವಿಯ ಸಣ್ಣ ಚರೆಗಳು ಕೆಲವು ನೂರು ಮೀಟರುಗಳೊಳಗೆ ಕಸುವು ಕಳೆದುಕೊಂಡು ಉದುರುತ್ತವೆ. ಹೀಗಿರುವಾಗ ಜಮೀನಿರುವವರಿಗೆ ನುಣುಪು ನಳಿಗೆಯ ಕೋವಿ, ಗುರಿಕ್ರೀಡೆಯಲ್ಲಿ ಆಸಕ್ತಿಯುಳ್ಳವರಿಗೆ ಕ್ಲಬ್ಬಿನ ಮೂಲಕ ಪಾಯಿಂಟ್ 22 ಎಂಬುದೇ ವಿವೇಕದ ಆಯ್ಕೆ. ಸೇನೆ ಮತ್ತು ಪೊಲೀಸರ ಬಳಕೆಗೆ ಮೀಸಲಾದ ಪಾಯಿಂಟ್ 303, 7.62 ಮಿಲಿಮೀಟರ್, 9 ಮಿಲಿಮೀಟರ್ ಮುಂತಾದ ನಿಷೇಧಿತ ಬೋರ್‌ಗಳ ಯೋಚನೆಯನ್ನಂತೂ ಸಾಮಾನ್ಯ ಅರ್ಜಿದಾರರು ಬಿಟ್ಟುಬಿಡಬೇಕು.

ಬೆಳೆ ರಕ್ಷಣೆಗೆ ಕೇಪಿನ ಕೋವಿ ಸಾಲದೆಂದು ಪ್ರಾಧಿಕಾರಕ್ಕೆ ತೋರಿದರೆ ಅದೇ ಉದ್ದೇಶಕ್ಕೆ ತೋಟೆ ಕೋವಿಯ ಪರವಾನಗಿಯನ್ನೂ ಕೊಡಬಹುದೆಂದು ಕಾಯ್ದೆಯು ಹೇಳುತ್ತದೆ. ಮಳೆಗಾಲದಲ್ಲಿ ಕೇಪು ಮತ್ತು ಮದ್ದು ತೇವ ಹಿಡಿದು ಸಿಡಿಯದೆ ಹೋಗುವ ಪ್ರದೇಶಗಳಲ್ಲಿ ಈ ಅಂಶವನ್ನು ಅರ್ಜಿಯಲ್ಲಿ ಎತ್ತಿಹೇಳುವುದು ಸೂಕ್ತ. ಇದಕ್ಕಿಂತ ಗಂಭೀರವಾದ ತೊಡಕು ಜಮೀನು ಇರುವ ಸ್ಥಳದ್ದು. ವನ್ಯಜೀವಿ ಕಾಯ್ದೆಯ 34ನೆಯ ಕಲಮಿನಂತೆ ಅಭಯಾರಣ್ಯದಿಂದ 10 ಕಿಲೋಮೀಟರ್ ವ್ಯಾಪ್ತಿಯೊಳಗೆ ಹೊಸ ಪರವಾನಗಿ ಕೊಡುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಮೂಕಾಂಬಿಕಾ, ಸೋಮೇಶ್ವರ, ಪುಷ್ಪಗಿರಿ, ಬ್ರಹ್ಮಗಿರಿ, ಶರಾವತಿ ಮುಂತಾದ ಅಭಯಾರಣ್ಯಗಳ ಸುತ್ತ ಇಷ್ಟು ದೂರದ ಗೆರೆ ಎಳೆದರೆ ಪಶ್ಚಿಮ ಘಟ್ಟದ ಸೆರಗಿನ ಹಳ್ಳಿಗಳು ದೊಡ್ಡ ಸಂಖ್ಯೆಯಲ್ಲಿ ಅದರೊಳಗೆ ಬೀಳುತ್ತವೆ. ಕೋವಿಯ ಅಗತ್ಯ ಹೆಚ್ಚಾಗಿರುವ ಕಡೆಯಲ್ಲಿಯೇ ಅದು ದೊರೆಯುವುದು ಕಷ್ಟವಾಗಿರುವುದಕ್ಕೆ ಕಾರಣ ಇದು, ಮತ್ತು ಅರ್ಜಿ ತಿಂಗಳುಗಟ್ಟಲೆ ಅಲುಗಾಡದೆ ಇದ್ದಾಗ ಅದು ಪೊಲೀಸರ ಬಳಿ ಇದೆಯೋ ಅರಣ್ಯ ಇಲಾಖೆಯ ಬಳಿ ಇದೆಯೋ ಎಂದು ವಿಚಾರಿಸಬೇಕಾದುದೂ ಇದರಿಂದಲೇ.

ಕ್ಲಬ್ಬಿನ ಮಾರ್ಗವು ಇದಕ್ಕಿಂತ ನಿಧಾನವಾದುದಾದರೂ ನೇರವಾದುದು. 1951ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆಯ ಅಡಿಯಲ್ಲಿ ರಾಜ್ಯ ಸಂಸ್ಥೆಗಳೂ ಅವುಗಳಿಗೆ ಸೇರಿದ ಕ್ಲಬ್ಬುಗಳೂ ಕೆಲಸ ಮಾಡುತ್ತವೆ. ಕರ್ನಾಟಕದಲ್ಲಿ ಈ ಹೊಣೆ ರಾಜ್ಯ ರೈಫಲ್ ಸಂಸ್ಥೆಯದು. ಸದಸ್ಯನಾದವನು ಮೊದಲು ಕ್ಲಬ್ಬಿನ ಆಯುಧದಿಂದಲೇ ಅಭ್ಯಾಸ ಮಾಡಿ, ಸ್ಪರ್ಧೆಗಳಲ್ಲಿ ಪಾಲ್ಗೊಂಡು, ಆ ದಾಖಲೆಗಳೊಂದಿಗೆ ಸ್ವಂತ ರೈಫಲ್‌ಗೆ ಅರ್ಜಿ ಸಲ್ಲಿಸುವುದು ರೂಢಿ.

ಅರ್ಜಿಯಿಂದ ಅಂಗಡಿಯವರೆಗೆ

ವೈಯಕ್ತಿಕ ಪರವಾನಗಿಗೆ 2016ರ ನಿಯಮಗಳಲ್ಲಿ ನಿಗದಿಪಡಿಸಿದ ಎ-1 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ವಯಸ್ಸು, ಗುರುತು ಮತ್ತು ವಾಸಸ್ಥಳಗಳ ದಾಖಲೆ, ದೈಹಿಕ ಹಾಗೂ ಮಾನಸಿಕ ಸ್ವಾಸ್ಥ್ಯದ ವೈದ್ಯಕೀಯ ಪ್ರಮಾಣಪತ್ರ, ಬಂದೂಕನ್ನು ಸುರಕ್ಷಿತವಾಗಿ ಇರಿಸುವ ಬಗ್ಗೆ ಮುಚ್ಚಳಿಕೆ, ತರಬೇತಿಯ ಪ್ರಮಾಣಪತ್ರ, ಮತ್ತು ಬೆಳೆ ರಕ್ಷಣೆಯ ಕಾರಣವಾದರೆ ಜಮೀನಿನ ಪಹಣಿ, ಕ್ರೀಡೆಯ ಕಾರಣವಾದರೆ ಕ್ಲಬ್ಬಿನ ಸದಸ್ಯತ್ವದ ಪುರಾವೆ ಇದರೊಂದಿಗೆ ಇರಬೇಕು. ತರಬೇತಿಯ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ: ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ, ಅಲ್ಲಿ ಆಯುಧವನ್ನು ಬಿಚ್ಚಿ ಜೋಡಿಸುವುದರಿಂದ ಹಿಡಿದು ಗುರಿಯಿಡುವವರೆಗಿನ ಪಾಠಗಳನ್ನು ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ ಹೇಳಿಕೊಡುತ್ತಾರೆ. ಶಿಬಿರದ ಪ್ರಕಟಣೆ ಸಾಮಾನ್ಯವಾಗಿ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ.

ಅರ್ಜಿ ತಲುಪಿದ ಮೇಲೆ ಪ್ರಾಧಿಕಾರವು ಠಾಣೆಯಿಂದ ವರದಿ ತರಿಸಿಕೊಳ್ಳುತ್ತದೆ. ನಿಯಮಗಳು ಪೊಲೀಸ್ ವರದಿಗೆ 30 ದಿನಗಳನ್ನೂ, ವರದಿ ಬಂದ ಬಳಿಕ ತೀರ್ಮಾನಕ್ಕೆ 60 ದಿನಗಳನ್ನೂ ಗೊತ್ತುಪಡಿಸಿವೆಯಾದರೂ ಕಡತಗಳು ಈ ಕಾಲಮಿತಿಯನ್ನು ಎಲ್ಲೆಡೆಯೂ ಪಾಲಿಸುತ್ತವೆಯೆಂದು ನಂಬಿ ಕುಳಿತುಕೊಳ್ಳಬಾರದು. ವಿಚಾರಣೆಗೆ ಬರುವ ಸಿಬ್ಬಂದಿ ನೆರೆಹೊರೆಯವರನ್ನು ಮಾತನಾಡಿಸುತ್ತಾರೆ, ಮನೆಯಲ್ಲಿ ಬಂದೂಕು ಇಡುವ ಸ್ಥಳವನ್ನು ನೋಡುತ್ತಾರೆ, ಕುಟುಂಬದ ವ್ಯಾಜ್ಯಗಳ ಬಗ್ಗೆ ಕೇಳುತ್ತಾರೆ. ಇಲ್ಲಿ ಮುಚ್ಚಿಟ್ಟ ಸಂಗತಿಯು ಆಮೇಲೆ ಬೆಳಕಿಗೆ ಬಂದರೆ ದೊರೆತ ಪರವಾನಗಿಯೂ ರದ್ದಾಗಬಹುದು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸಕೂಡದೆಂದು ಕಾಯ್ದೆಯ 14ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ, ಇದು ಸಣ್ಣ ಹಿಡುವಳಿದಾರರು ತಿಳಿದಿರಬೇಕಾದ ಮಾತು. ನಿರಾಕರಿಸುವ ಪ್ರಾಧಿಕಾರವು ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು ಮತ್ತು ಕೇಳಿದರೆ, ಸಾರ್ವಜನಿಕ ಹಿತಕ್ಕೆ ಬಾಧಕವೆನಿಸದ ಹೊರತು, ಅರ್ಜಿದಾರನಿಗೆ ತಿಳಿಸಬೇಕು. ಆ ಬರಹವಿಲ್ಲದೆ ಮೇಲ್ಮನವಿಗೆ ಹೋಗುವುದು ವ್ಯರ್ಥ. ಬಂದೂಕು ಹೊಂದುವುದನ್ನು ಭಾರತದ ನ್ಯಾಯಾಲಯಗಳು ಮೂಲಭೂತ ಹಕ್ಕೆಂದು ಪರಿಗಣಿಸಿಲ್ಲವಾದ್ದರಿಂದ ವಾದವು ಹಕ್ಕಿನ ಸುತ್ತ ಸುತ್ತುವುದಕ್ಕಿಂತ ಅಗತ್ಯದ ಮತ್ತು ಅರ್ಹತೆಯ ಪುರಾವೆಯ ಮೇಲೆ ನಿಲ್ಲುವುದು ಮೇಲು.

ಮಂಜೂರಾದ ಪರವಾನಗಿಯು ರಾಷ್ಟ್ರೀಯ ದತ್ತಸಂಚಯದಲ್ಲಿ ದಾಖಲಾಗಿ ಅದಕ್ಕೊಂದು ವಿಶಿಷ್ಟ ಗುರುತಿನ ಸಂಖ್ಯೆ ದೊರೆಯುತ್ತದೆ. ಈ ಸಂಖ್ಯೆಯಿಲ್ಲದ ಪರವಾನಗಿಗೆ ಮಾನ್ಯತೆಯಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷಗಳಿಂದ 5 ವರ್ಷಗಳಿಗೆ ಏರಿದ್ದು, ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿ ಪುಸ್ತಕ ಕೈಗೆ ಬಂದ ಕೂಡಲೇ ಅದರಲ್ಲಿ ಬರೆದ ಆಯುಧದ ಬಗೆ, ಬೋರ್, ಬಳಸಬಹುದಾದ ಪ್ರದೇಶ, ಒಂದೇ ಬಾರಿಗೆ ಇರಿಸಿಕೊಳ್ಳಬಹುದಾದ ಮತ್ತು ವರ್ಷಕ್ಕೆ ಕೊಳ್ಳಬಹುದಾದ ತೋಟೆಗಳ ಮಿತಿ, ಖರೀದಿಗೆ ಕೊಟ್ಟಿರುವ ಗಡುವು ಇವುಗಳನ್ನು ಓದಿಕೊಳ್ಳಬೇಕು. ಹಳೆಯ ಕೋವಿಯನ್ನು ಕೊಳ್ಳುವವರು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಂಡಿಗಳಿವೆಯೇ, ಹೊರಗೆ ಉಬ್ಬು ತಗ್ಗುಗಳಿವೆಯೇ ಎಂದು ನೋಡಬೇಕು, ನಳಿಗೆಯನ್ನು ಮುಚ್ಚಿದಾಗ ಕೀಲು ಅಲುಗಾಡುತ್ತದೆಯೇ ಎಂದು ಪರೀಕ್ಷಿಸಬೇಕು, ಮತ್ತು ಆಯುಧದ ಮೇಲೆ ಕೆತ್ತಿದ ಸಂಖ್ಯೆಯು ಕಾಗದದಲ್ಲಿರುವುದಕ್ಕೆ ಅಂಕಿ ಅಂಕಿಯೂ ಹೊಂದುತ್ತದೆಯೇ ಎಂದು ತಾಳೆ ನೋಡಬೇಕು. ಪರವಾನಗಿಯಿಲ್ಲದ ಊರ ಕಮ್ಮಾರಿಕೆಯ ನಾಡಕೋವಿಯು ಅಗ್ಗಕ್ಕೆ ಸಿಗಬಹುದಾದರೂ ಅದು ಕೊಂಡವನ ಮುಖಕ್ಕೇ ಸಿಡಿಯುವ ಸಾಧ್ಯತೆಯಿದೆ, ಸಿಡಿಯದೆ ಹೋದರೂ ಸೆರೆವಾಸ ತಪ್ಪಿದ್ದಲ್ಲ.

ತಂದೆಯ ಕೋವಿ ಮಗನಿಗೆ ಅಥವಾ ಮಗಳಿಗೆ ದಾಟುವುದಕ್ಕೆ ನಿಯಮಗಳಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆ. ಪರವಾನಗಿದಾರನು ತೀರಿಕೊಂಡಾಗ ಅಥವಾ ಬದುಕಿರುವಾಗಲೇ ಅವನಿಗೆ 70 ವರ್ಷ ತುಂಬಿದರೆ ಇಲ್ಲವೇ ಆ ಬಂದೂಕನ್ನು ಅವನು 25 ವರ್ಷ ಹೊಂದಿದ್ದರೆ, ಅರ್ಹ ವಾರಸುದಾರನು ಅದೇ ಬಂದೂಕಿಗೆ ತನ್ನ ಹೆಸರಿನಲ್ಲಿ ಪರವಾನಗಿ ಕೋರಬಹುದು. ಸಾವು ಸಂಭವಿಸಿದ ಮನೆಗಳಲ್ಲಿ ಉತ್ತರಕ್ರಿಯೆಯ ಗಡಿಬಿಡಿಯಲ್ಲಿ ಕೋವಿ ಅಟ್ಟದ ಮೇಲೆಯೇ ಉಳಿದುಬಿಡುವುದುಂಟು. ಪರವಾನಗಿದಾರನ ಮರಣದೊಂದಿಗೆ ಆ ಕೋವಿಗೆ ಕಾನೂನಿನ ಆಶ್ರಯ ಮುಗಿಯುವುದರಿಂದ ತಡಮಾಡದೆ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀದಿ ಪಡೆದು, ಆಮೇಲೆ ವಾರಸಿನ ಅರ್ಜಿ ಹಾಕಬೇಕು.

ಕೈಗೆ ಬಂದ ಮೇಲೆ

ಬಂದೂಕನ್ನು ತುಂಬದ ಸ್ಥಿತಿಯಲ್ಲಿ ಬೀಗದೊಳಗೆ, ತೋಟೆಗಳನ್ನು ಬೇರೊಂದು ಬೀಗದೊಳಗೆ ಇರಿಸುವುದು ಮನೆಯ ಮಕ್ಕಳ ದೃಷ್ಟಿಯಿಂದ ಮೊದಲ ನಿಯಮ. ಕೈಗೆತ್ತಿಕೊಂಡ ಪ್ರತಿ ಸಲವೂ ಅದು ತುಂಬಿದೆಯೆಂದೇ ಭಾವಿಸಿ ತೆರೆದು ನೋಡುವುದು, ನಳಿಗೆಯ ಬಾಯನ್ನು ಮನುಷ್ಯರತ್ತ ಎಂದೂ ತಿರುಗಿಸದಿರುವುದು, ಹಾರಿಸುವ ಕ್ಷಣದವರೆಗೆ ಬೆರಳನ್ನು ಕುದುರೆಯಿಂದ ಹೊರಗಿಡುವುದು ಎಂಬ ಮಾತುಗಳನ್ನು ಎಲ್ಲ ತರಬೇತುದಾರರೂ ಹೇಳುತ್ತಾರೆ. ತೋಟದ ಕೆಲಸಕ್ಕೆ ಇವುಗಳ ಜೊತೆಗೆ ಇನ್ನೂ ಕೆಲವನ್ನು ಸೇರಿಸಬೇಕಾಗುತ್ತದೆ. ಬೇಲಿ, ಅಗಳು ಮತ್ತು ಸಂಕಗಳನ್ನು ದಾಟುವ ಮುನ್ನ ತೋಟೆಯನ್ನು ಹೊರತೆಗೆಯಬೇಕು, ಏಕೆಂದರೆ ಜಾರುವ ಕಾಲಿನೊಂದಿಗೆ ಬೆರಳೂ ಜಾರುತ್ತದೆ. ಕುದುರೆ ಎಳೆದರೂ ಈಡು ಸಿಡಿಯದಿದ್ದರೆ ನಳಿಗೆಯನ್ನು ನಿರಪಾಯವಾದ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾದ ಬಳಿಕವೇ ತೆರೆಯಬೇಕು, ಯಾಕೆಂದರೆ ಹಳೆಯ ಅಥವಾ ತೇವ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳಬಲ್ಲದು. ಕತ್ತಲಲ್ಲಿ ಪೊದೆಯೊಳಗಿನ ಸಪ್ಪಳಕ್ಕೆ ಹಾರಿಸಲೇಕೂಡದು. ಹಂದಿಯೆಂದು ಭಾವಿಸಿ ಹಾರಿಸಿದ ಈಡು ಜೊತೆಗಾರನಿಗೆ ತಗುಲಿದ ಸುದ್ದಿಗಳು ಮಲೆನಾಡಿನ ಪತ್ರಿಕಾ ಓದುಗರಿಗೆ ಅಪರಿಚಿತವಲ್ಲ. ಪ್ರಾಣಿಗಳ ಹಾದಿಯಲ್ಲಿ ತಂತಿ ಕಟ್ಟಿ ತಾನಾಗಿ ಸಿಡಿಯುವಂತೆ ಬಂದೂಕನ್ನು ಹೂಡಿಡುವುದು ವನ್ಯಜೀವಿ ಕಾಯ್ದೆಗೂ ವಿರುದ್ಧ, ಮುಂಜಾನೆ ಸೊಪ್ಪು ಸೌದೆಗೆ ಹೋಗುವವರ ಜೀವಕ್ಕೂ ಅಪಾಯ. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕಾಗಿ ಇತರರಿಗೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿಯು 2 ವರ್ಷಗಳವರೆಗಿನ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗಿಸುವ ಅಪರಾಧವನ್ನಾಗಿ ಮಾಡಿದೆ.

ಕೊಡಗಿನ ಸ್ಥಿತಿ ಬೇರೆಯಾದುದರಿಂದ ಅದನ್ನು ಪ್ರತ್ಯೇಕವಾಗಿ ಹೇಳಬೇಕು. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ದೊರೆತ ವಂಶಪಾರಂಪರ್ಯದ ಭೂಮಿಯುಳ್ಳವರಿಗೆ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, 1861ರಲ್ಲಿ, ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ದೊರೆಯಿತು. ಸ್ವಾತಂತ್ರ್ಯಾನಂತರವೂ ಶಸ್ತ್ರಾಸ್ತ್ರ ಕಾಯ್ದೆಯ 41ನೆಯ ಕಲಮಿನಡಿ ಅದು ಮುಂದುವರಿದು, 2019ರ ಅಕ್ಟೋಬರಿನ ಅಧಿಸೂಚನೆಯಿಂದ 2029ರವರೆಗೆ ವಿಸ್ತರಿಸಲ್ಪಟ್ಟಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಪಿಸ್ತೂಲು, ರಿವಾಲ್ವರುಗಳು ಈ ವಿನಾಯಿತಿಯೊಳಗೆ ಬರುವುದಿಲ್ಲ, ಮತ್ತು ಅರ್ಹರು ಜಿಲ್ಲಾಡಳಿತದಿಂದ ವಿನಾಯಿತಿ ಪತ್ರವನ್ನು ಪಡೆದಿರಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಸ್ಪರ್ಧಿಸುವ ಕೊಡಗಿನ ಯುವಜನರಿಗೆ ಆಯುಧದ ಪರಿಚಯ ಮನೆಯಲ್ಲಿಯೇ ಆಗುತ್ತದೆಯಾದರೂ ವನ್ಯಜೀವಿ ಕಾಯ್ದೆಯಿಂದ ಅವರಿಗೆ ಯಾವ ವಿನಾಯಿತಿಯೂ ಇಲ್ಲ. ಹಬ್ಬದ ಹಿಂದಿನ ಬೇಟೆಯ ಸಂಪ್ರದಾಯವು ತೆಂಗಿನಕಾಯಿಯ ಸ್ಪರ್ಧೆಯಲ್ಲಷ್ಟೇ ಉಳಿದುಕೊಂಡಿದೆ.

ಉಳಿದ ಜಿಲ್ಲೆಗಳ ಪರವಾನಗಿದಾರರನ್ನು ಹೆಚ್ಚು ಕಾಡುವುದು ಚುನಾವಣೆ ಕಾಲದ ಠೇವಣಿ. ಲೋಕಸಭೆ, ವಿಧಾನಸಭೆಗಳ ಚುನಾವಣೆ ಘೋಷಣೆಯಾದೊಡನೆ ಕೋವಿಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಹೊರಡುತ್ತದೆ, ಹಂದಿ ಮತ್ತು ಮಂಗಗಳ ಹಾವಳಿಯ ನಡುವೆ ತೋಟವು ತಿಂಗಳುಗಟ್ಟಲೆ ಕಾವಲಿಲ್ಲದೆ ಉಳಿಯುತ್ತದೆ. ಎಲ್ಲರನ್ನೂ ಸಾರಾಸಗಟಾಗಿ ಸೇರಿಸುವ ಇಂಥ ಆದೇಶಗಳನ್ನು ಪ್ರಶ್ನಿಸಿ ಕರಾವಳಿ ಮತ್ತು ಮಲೆನಾಡಿನ ಕೃಷಿಕರು ಹೈಕೋರ್ಟಿನ ಮೆಟ್ಟಿಲೇರಿದ್ದಾರೆ. ಚುನಾವಣಾ ಆಯೋಗದ ಸೂಚನೆಯಾದರೂ ಕೇಳುವುದು ಪರಿಶೀಲನೆಯನ್ನು: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಹಿಂದೆ ಗಲಭೆಗಳಲ್ಲಿ ಭಾಗಿಯಾದವರು ಇವರ ಪರವಾನಗಿಗಳನ್ನು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯು ಒಂದೊಂದಾಗಿ ನೋಡಿ ತೀರ್ಮಾನಿಸಬೇಕು. ಆದ್ದರಿಂದ ಬೆಳೆ ರಕ್ಷಣೆಯ ಪರವಾನಗಿಯುಳ್ಳವರು ಆದೇಶ ಹೊರಟ ಕೂಡಲೇ ಪಹಣಿ ಮತ್ತು ಬೆಳೆಹಾನಿಯ ದಾಖಲೆಗಳೊಂದಿಗೆ ಆ ಸಮಿತಿಗೆ ವಿನಾಯಿತಿಯ ಮನವಿ ಕೊಡಬಹುದು. ಮನವಿ ಪುರಸ್ಕೃತವಾಗದೆ ಠೇವಣಿ ಇಡಲೇಬೇಕಾದಾಗ ಆಯುಧದ ಬಗೆ, ಸಂಖ್ಯೆ ಮತ್ತು ಅಂದಿನ ಸ್ಥಿತಿಯನ್ನು ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ಫಲಿತಾಂಶ ಪ್ರಕಟವಾಗಿ ಒಂದು ವಾರ ಕಳೆದ ಮೇಲೆ ಕೋವಿಯನ್ನು ಮರಳಿ ಪಡೆಯುವಾಗ ಅದೇ ರಸೀದಿಯೊಂದಿಗೆ ತಾಳೆ ನೋಡಿ, ಠಾಣೆಯ ಕೋಣೆಯ ತೇವಕ್ಕೆ ನಳಿಗೆಯೊಳಗೆ ತುಕ್ಕು ಹಿಡಿದಿದ್ದರೆ ಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆಯುವವರೆಗೆ ತೋಟೆ ಇಡಬಾರದು.